ಬಸರಿಪಟ್ಟಿಯ ಗೂಟಗಳು

ಮರ ಬಿದ್ದಾಗ ನಾನು ಅದರಿಂದ ಹತ್ತು ಹೆಜ್ಜೆ ದೂರದಲ್ಲಿದ್ದೆ. ಸ್ವಲ್ಪ ಮುಂಚೆ ಅದರ ಬುಡದಲ್ಲೇ ಕೂತು ಗಂಜಿ ಕುಡಿದಿದ್ದೆ. ಆಡಿ ತಿಂಗಳ, ಅಂದರೆ ಆಷಾಢದ ಗಾಳಿ, ನಡುಹಗಲು. ಮೊದಲು ಬೇರು ಮಣ್ಣನ್ನು ಎತ್ತಿತು, ಆಮೇಲೆ ಸದ್ದು ಬಂತು. ಈ ಕ್ರಮವನ್ನು ನಾನು ತಪ್ಪಿ ಹೇಳುತ್ತಿಲ್ಲ. ಎರಡರ ನಡುವೆ ನಾನು ಒಮ್ಮೆ ಉಸಿರೆಳೆದುಕೊಂಡಿದ್ದೆ. ನನ್ನ ಕೈಯಿಂದ ಗಂಜಿಯ ಮಡಕೆಯನ್ನು ಯಾರೋ ಬಿಡಿಸಿಕೊಳ್ಳಬೇಕಾಯಿತು.

ಅದು ಬಸರಿ ಮರ. ತಮಿಳು ಸೀಮೆಯಲ್ಲಿ, ಕುಮುಳಿ ಘಟ್ಟದ ಕೆಳಗೆ ಗೂಡಲೂರಿನ ದಾರಿಯಲ್ಲಿದ್ದ ನಮ್ಮ ಹದಿನಾಲ್ಕು ಕನ್ನಡದ ಮನೆಗಳಿಗೆ ಬಸರಿಪಟ್ಟಿ, ಅಂದರೆ ಬಸರಿಯ ಹಳ್ಳಿ, ಎಂಬ ಹೆಸರು ಬಂದದ್ದು ಅದರಿಂದಲೇ. ನಾನು ಅಲ್ಲಿಗೆ ಸೊಸೆಯಾಗಿ ಬಂದು ಏಳು ತಿಂಗಳಾಗಿತ್ತು. ಮಲೆಯಾಚೆಯ ನೀರು ಕಾಲುವೆ ಹಿಡಿದು ನಮ್ಮ ಕಣಿವೆಗೆ ಹೊಸದಾಗಿ ಹರಿದ ಕಾಲ. ಸರ್ಕಾರದ ಕಡೆಯಿಂದ ಹೊಲ ಅಳೆಯುವವರು ಊರೂರು ತಿರುಗಿ ಊರುಗಳ ಹೆಸರು ಬರೆದುಕೊಳ್ಳುತ್ತಿದ್ದರು. ಇನ್ನು ಮೂರು ದಿನಕ್ಕೆ ಅವರ ಗುಮಾಸ್ತ ನಮ್ಮಲ್ಲಿಗೆ ಬರುವವನಿದ್ದ.

ಅತ್ತೆ ಅಳಲಿಲ್ಲ. "ಕತ್ತಿ ತಗಂಡು ಬಾ ಅಮ್ಮಣಿ, ಕೊಂಬೆ ಹಾಲು ಒಣಗೋಕೆ ಮುಂಚೆ" ಎಂದರು. ಬಿದ್ದ ಬಸರಿಯ ಕೊಂಬೆಯನ್ನು ನಮ್ಮವರು ಒಲೆಗೆ ಹಾಕುವುದಿಲ್ಲ, ಮತ್ತೆ ಚಿಗುರಲೆಂದು ಗೂಟ ಮಾಡಿ ನೆಡುತ್ತಾರೆ. ಊರೆಲ್ಲ ಸೇರಿ ತೋಳಿನಷ್ಟು ದಪ್ಪದ ಕೊಂಬೆಗಳನ್ನು ಕಡಿದು ಬಯಲಲ್ಲಿ ನೆಟ್ಟು, ಒಣಗದಿರಲೆಂದು ಒಂದೊಂದರ ತಲೆಗೂ ಸಗಣಿ ಮೆತ್ತಿದೆವು.

ಗುಮಾಸ್ತ ಬಂದು ಸುತ್ತ ನೋಡಿದ.

"ಮರಂ ಎಂಗೇಮ್ಮಾ?" ಮರ ಎಲ್ಲಿ ಎಂದು ಅತ್ತೆಯನ್ನು ಕೇಳಿದ.

"ಮರದ ನಡುವೇನೇ ನಿಂತಿದೀರಲ್ಲ ಸಾಮಿ" ಎಂದರು ಅತ್ತೆ.

ಇವು ಸಗಣಿ ಮುಂಡಾಸು ಸುತ್ತಿದ ಕೋಲುಗಳೆಂದು ಅವನು ತಮಿಳಿನಲ್ಲಿ ಹಂಗಿಸಿದ. ಅವನ ಪುಸ್ತಕದಲ್ಲಿ ಹುಣಸೆಯ ಹೆಸರಿನ ಊರಿತ್ತು, ಬೇವಿನದಿತ್ತು, ಇಪ್ಪೆಯದೂ ಇತ್ತು. ಆ ಊರುಗಳಲ್ಲೆಲ್ಲ ಮರವನ್ನು ಕಣ್ಣಾರೆ ಕಂಡೇ ಬರೆದನಂತೆ. ಮರವಿಲ್ಲದ ನಮ್ಮನ್ನು ಕಾಲುವೆಯಾಚೆಯ ದೊಡ್ಡ ಊರಿಗೆ ಸೇರಿಸುತ್ತೇನೆ ಎಂದ. ಹಾಗಾದರೆ ನಮ್ಮ ಹೆಸರು ಅಲ್ಲಿಗೆ ಮುಗಿಯಿತು.

"ನಿಮ್ ಮುಂಡಾಸ್ನಾಗೆ ಚಿಗುರು ಬತ್ತದಾ ಸಾಮಿ? ಇದ್ರಾಗೆ ಬತ್ತದೆ" ಎಂದರು ಅತ್ತೆ.

ಎಲ್ಲರೂ ನಕ್ಕರು. ಅವನೂ ನಕ್ಕ. ಕುಮುಳಿ ಘಟ್ಟದ ಬುಡದವರೆಗೆ ಅಳೆದು ಹಿಂತಿರುಗುವಾಗ ಒಂದೇ ಒಂದು ಎಲೆ ತೋರಿಸಿ ಎಂದು ಹೇಳಿ, ಪುಸ್ತಕದಲ್ಲಿ ನಮ್ಮ ಸಾಲು ಖಾಲಿ ಬಿಟ್ಟು ಹೋದ.

ದಿನವೂ ನೀರು ಹೊತ್ತೆವು. ಹೆಚ್ಚಿನ ಗೂಟಗಳು ಒಣಗಿದವು, ಅದನ್ನು ಮುಚ್ಚಿಡಲಾರೆ. ಅವನು ಹಿಂತಿರುಗಿ ಬಂದ ಬೆಳಗ್ಗೆ, ನಾನು ಗಂಜಿ ಕುಡಿದ ಜಾಗದ ಗೂಟದಲ್ಲಿ ಉಗುರಿನಷ್ಟು ತಾಮ್ರದ ಬಣ್ಣದ ಎಲೆ ಇತ್ತು. ಅವನು ಬಗ್ಗಿ ಮುಟ್ಟಿದ. ಅಲ್ಲೇ ನೆಲದ ಮೇಲೆ ಕೂತು ನಮ್ಮೂರ ಹೆಸರು ಬರೆದ.

ಅತ್ತೆಗೆ ಓದು ಬಾರದು. "ನಮ್ಮೂರು ಯಾವುದು, ತೋರ್ಸಿ" ಎಂದು ಕೇಳಿ, ಅವನು ತೋರಿಸಿದಲ್ಲಿ ಬೆರಳಿಟ್ಟು ಹೆಸರಿನ ಉದ್ದ ಅಳೆದರು. ಬಲಗೈ ಬೆರಳಿಗೆ ಹಸಿ ಮಸಿ ಹತ್ತಿತು. ಆ ದಿನ ಅವರು ಬಲಗೈ ಒದ್ದೆಯಾಗದಂತೆ ಎಡಗೈಯಲ್ಲೇ ನೀರು ಮೊಗೆದರು.