ಮದುವೆ ಡಿವಿಡಿಯಲ್ಲಿ ಮಾವನ ಮುಖ

ನಮ್ಮ ಮದುವೆಯ ಡಿವಿಡಿಗಳನ್ನು ನಾನು ರೇಷ್ಮೆ ಸೀರೆಗಳ ಅಡಿಯಲ್ಲಿ, ತಾಂಬೂಲದ ಚೀಲವೊಂದರಲ್ಲಿ ಸುತ್ತಿ ಇಟ್ಟಿದ್ದೆ. ಹೊಸದರಲ್ಲಿ ಮನೆಗೆ ಬಂದವರಿಗೆಲ್ಲ ಹಾಕಿ ತೋರಿಸುತ್ತಿದ್ದೆವು. ಪ್ಲೇಯರ್ ಕೆಟ್ಟ ಮೇಲೆ ಯಾರೂ ಕೇಳಲಿಲ್ಲ, ನಾನೂ ತೆಗೆಯಲಿಲ್ಲ. ಹೋದ ವರ್ಷ ಮಾವ ತೀರಿಕೊಂಡರು. ವರ್ಷದ ತಿಥಿ ಹತ್ತಿರ ಬಂದಾಗ ಬಾವನಿಗೆ ಆ ಡಿವಿಡಿಗಳು ನೆನಪಾದವು.

ಬಾವ ನನ್ನ ಗಂಡನ ಅಣ್ಣ. ಅಟ್ಟೂರಿನಲ್ಲಿ ನಾವೆಲ್ಲ ಒಂದೇ ಕಟ್ಟಡದಲ್ಲಿದ್ದೇವೆ. ಕೆಳಗೆ ಅತ್ತೆ, ಅವರ ಮೇಲೆ ಬಾವನ ಸಂಸಾರ, ಅದರ ಮೇಲೆ ನಾವು. ಮಾವ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬಾವ ಈಗ ಫ್ಲಾಟುಗಳನ್ನು ಕಟ್ಟಿಸುತ್ತಾರೆ.

"ಅಪ್ಪ ಓಡಾಡೋದು, ಮಾತಾಡೋದು ಎಲ್ಲಾ ಅದ್ರಲ್ಲೈತೆ," ಎಂದರು ಬಾವ. "ತಿಥಿ ದಿನ ನೆಂಟ್ರೆಲ್ಲ ಬರ್ತಾರೆ. ನಮ್ಮ ದೊಡ್ಡ ಟಿವೀಲಿ ಹಾಕಣ. ನೀನೇ ನೋಡಮ್ಮ, ಓದಿರೋಳು."

ಓದಿರುವವಳು ಎಂಬ ಕಾರಣಕ್ಕೆ ಈ ಮನೆಯ ಕರೆಂಟ್ ಬಿಲ್ಲಿನಿಂದ ಹಿಡಿದು ಆಧಾರ್ ತಿದ್ದುಪಡಿಯವರೆಗೆ ಎಲ್ಲವೂ ನನ್ನ ತಲೆಗೇ. ಹೈಸ್ಕೂಲಿನಲ್ಲಿ ದಿನವಿಡೀ ಪಾಠ ಮಾಡಿ ಬರುತ್ತೇನೆ, ಗಂಟಲು ಒಣಗಿರುತ್ತದೆ. ಆಗ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳೂ ರಾಶಿ ಬಿದ್ದಿದ್ದವು. ಆದರೂ, "ಆಗಲಿ ಬಾವ," ಎಂದೆ.

ಯಲಹಂಕ ನ್ಯೂ ಟೌನಿನ ಸ್ಟುಡಿಯೋ ಒಂದರಲ್ಲಿ ಕೊಟ್ಟೆ. ಅಂಗಡಿಯವನು ಡಿಸ್ಕ್ ತಿರುಗಿಸಿ ನೋಡಿ, "ಈಗ ಯಾರೂ ಇದನ್ನ ತರಲ್ಲ ಮೇಡಂ," ಎಂದು ಒಳಗಿಟ್ಟುಕೊಂಡ. ನಾಲ್ಕಾರು ಸಲ ಅಲೆದಾಡಿಸಿ ಪೆನ್‌ಡ್ರೈವ್ ಕೊಟ್ಟ. ಬಾವನ ಟಿವಿ ಗೋಡೆಯಷ್ಟಗಲ. ಹಳೆಯ ಚೌಕಾಕಾರದ ಚಿತ್ರವನ್ನು ಆ ಅಗಲಕ್ಕೆ ಎಳೆದಿದ್ದರಿಂದ ಎಲ್ಲರೂ ಊದಿಕೊಂಡಂತೆ ಕಂಡರು. ಯಾರಾದರೂ ಕೈ ಎತ್ತಿದರೆ ಅದರ ಅಂಚಿಗೆ ಬಾಚಣಿಗೆಯ ಹಲ್ಲುಗಳಂತೆ ಗೆರೆಗಳು ಮೂಡುತ್ತಿದ್ದವು.

"ಏನಮ್ಮ ಇದು, ನೀರೊಳಗೆ ನೋಡ್ದಂಗೈತೆ," ಎಂದರು ಬಾವ. ಆರ್.ಟಿ. ನಗರದಲ್ಲಿ ಒಬ್ಬ ಹೊಸ ಸಿನಿಮಾದ ಹಾಗೆ ಮಾಡಿಕೊಡುತ್ತಾನೆಂದು ಯಾರೋ ಅವರಿಗೆ ಹೇಳಿದ್ದರಂತೆ.

ಶನಿವಾರ ಶಾಲೆ ಮುಗಿಸಿ ಬಸ್ಸು ಹತ್ತಿದೆ. ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತಲ್ಲೇ ನಿಂತಿತು. ನಿಂತುಕೊಂಡೇ ತೂಕಡಿಸಿದೆ. ಆರ್.ಟಿ. ನಗರದ ಅಂಗಡಿಯವನು ಮಾತುಗಾರ. "ಈ ಡಿಸ್ಕಲ್ಲಿ ಇರೋ ಚಿತ್ರ ಚಿಕ್ಕದು ಮೇಡಂ. ದೊಡ್ಡದು ಮಾಡಿದ್ರೆ ಚುಕ್ಕಿಗಳ ಮಧ್ಯದಲ್ಲಿ ಖಾಲಿ ಉಳಿಯುತ್ತೆ. ಅಲ್ಲಿ ಏನಿರಬಹುದು ಅಂತ ಎಐ ಊಹೆ ಮಾಡಿ ತುಂಬುತ್ತೆ. ಗ್ಲಾಸ್ ಥರ ಬರುತ್ತೆ ನೋಡಿ." ನಾನು ತಲೆಯಾಡಿಸಿದೆ. ಈ ಕೆಲಸ ಮುಗಿದರೆ ಸಾಕಾಗಿತ್ತು.

ಅವನು ಹೇಳಿದ ಹಾಗೆಯೇ ಬಂತು. ಬಾವನ ಹಾಲಿನಲ್ಲಿ ಎಲ್ಲರೂ ಸೇರಿ ಕೂತೆವು. ನನ್ನ ಧಾರೆ ಸೀರೆಯ ಜರಿ ಎಳೆ ಎಳೆಯಾಗಿ ಹೊಳೆಯುತ್ತಿತ್ತು. ಮದುವೆಯ ವಾರವೇ ಕೆನ್ನೆ ತುಂಬ ಎದ್ದಿದ್ದ ಮೊಡವೆಗಳು ಒಂದೂ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು. ಅಷ್ಟರಲ್ಲಿ ಬಿಳಿ ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡ ಮಾವ ಪರದೆಯ ಮೇಲೆ ಬಂದರು. ಅಡುಗೆಯವರನ್ನು ಗದರಿಸುತ್ತಿದ್ದರು.

"ಇವ್ರು ಯಾರು?" ಎಂದರು ಅತ್ತೆ.

"ಅಪ್ಪ ಕಣವ್ವ," ಎಂದರು ಬಾವ.

"ಅಲ್ಲ. ಅವ್ರ್ ಮಖ ಇಂಗಿರ್ಲಿಲ್ಲ."

ಆಗ ನಾನು ಸರಿಯಾಗಿ ನೋಡಿದೆ. ಮಾವನಿಗೆ ಚಿಕ್ಕವರಿದ್ದಾಗ ಸಿಡುಬು ಬಂದು ಮುಖದ ತುಂಬ ಕುಳಿ ಬಿದ್ದಿದ್ದವು. ಟಿವಿಯಲ್ಲಿದ್ದ ಮುಖ ಮೇಣ ಸವರಿದಂತೆ ನುಣ್ಣಗಿತ್ತು. ಎತ್ತರ ಅವರದೇ, ದನಿ ಅವರದೇ, ಕೆನ್ನೆ ಮಾತ್ರ ಬೇರೆ ಯಾರದೋ.

"ಚೆನ್ನಾಗೇ ಕಾಣ್ತಾವ್ರಲ್ಲ, ಬಿಡವ್ವ," ಎಂದು ಬಾವ ನಕ್ಕರು. ಅತ್ತೆ ನಗಲಿಲ್ಲ. ಗೋಡೆ ಹಿಡಿದುಕೊಂಡು ಎದ್ದು ಹೊರಟರು. ನಾನು ಕೈ ಕೊಟ್ಟು ಮೆಟ್ಟಿಲಿಳಿಸಿದೆ. ಕೋಣೆಗೆ ಬಂದು ಮಂಚದ ಮೇಲೆ ಕೂತ ಮೇಲೆ ಮಾತಾಡಿದರು.

"ನನ್ನ ನೋಡಾಕ್ ಬಂದಾಗ ನಮ್ಮವ್ವ ಬ್ಯಾಡ ಅಂದಿದ್ಲು, ಗಂಡಿನ ಮಖ ಎಲ್ಲಾ ಕುಳಿ ಅಂತ. ನಾನೇ ಆಗ್ಲಿ ಅಂದೆ. ಕಡೇಲಿ ಅವ್ರಿಗೆ ಗಡ್ಡ ಹೆರೀತಿದ್ದೋಳು ನಾನೇ ಕಣಮ್ಮ. ಕುಳಿಯೊಳಗಿನ ಕೂದಲು ಬ್ಲೇಡಿಗೆ ಸಿಕ್ತಿರ್ಲಿಲ್ಲ. ಚರ್ಮ ಎಳೆದು ಇಡ್ಕಂಡು ಹೆರೀಬೇಕಿತ್ತು. ಆ ಮಖ ನಂಗೆ ಗೊತ್ತಾಗಾಕಿಲ್ವಾ?"

"ಇನ್ನೊಂದ್ಸಲ ಮಾಡಿಸ್ತೀನಿ ಅತ್ತೆ," ಎಂದೆ. ಹೇಳಿದ ಮರುಕ್ಷಣ ಯಾಕಾದರೂ ಹೇಳಿದೆನೋ ಅನ್ನಿಸಿತು.

ಜಾಲಹಳ್ಳಿ ಕಡೆಯ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದ ನನ್ನ ಗಂಡ ಎಲ್ಲ ಕೇಳಿ, "ಬಿಡು, ಅವ್ವ ನಾಲ್ಕು ದಿನಕ್ಕೆ ಮರೀತಾಳೆ. ನೀನೆಷ್ಟು ಅಂತ ಓಡಾಡ್ತೀಯ," ಎಂದರು. ನನಗೂ ಬಿಟ್ಟುಬಿಡುವ ಮನಸ್ಸೇ ಇತ್ತು. ಆದರೆ ಬೆಳಿಗ್ಗೆ ಕಾಫಿ ಕೊಡಲು ಹೋದಾಗ ಅತ್ತೆ ಏನನ್ನೂ ಕೇಳದೆ ಲೋಟ ತೆಗೆದುಕೊಂಡರು. ಡಿವಿಡಿಗಳನ್ನು ಟಿಫನ್ ಬ್ಯಾಗಿಗೆ ಹಾಕಿಕೊಂಡೇ ಶಾಲೆಗೆ ಹೋದೆ.

ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಡಿಸ್ಕ್ ಹಾಕುವ ಹಳೆಯ ಮೆಷಿನ್ ಒಂದಿದೆ. ಕಂಪ್ಯೂಟರ್ ಟೀಚರು ಊಟದ ಹೊತ್ತಿನಲ್ಲಿ ನನ್ನ ಪಕ್ಕ ಕೂತು ತೋರಿಸಿಕೊಟ್ಟರು. "ಡಿಸ್ಕಲ್ಲಿ ಎಷ್ಟಿದ್ಯೋ ಅಷ್ಟನ್ನೇ ತೆಗೀರಿ ಮೇಡಂ. ಏನೂ ಸೇರಿಸೋದು ಬೇಡ. ಆಕಾರ ಹಳೇದೇ ಇರ್ಲಿ, ಎರಡೂ ಪಕ್ಕ ಕಪ್ಪು ಪಟ್ಟಿ ಬಂದ್ರೆ ಬರ್ಲಿ. ಆ ಗೆರೆ ಗೆರೆ ಬರುತ್ತಲ್ಲ, ಅದೊಂದನ್ನ ತೆಗೆಯೋಕೆ ಇಲ್ಲಿ ಟಿಕ್ ಮಾಡಿ."

ಮೊದಲ ಡಿಸ್ಕ್ ಸಲೀಸಾಗಿ ಬಂತು. ಎರಡನೆಯದು ಮಧ್ಯಕ್ಕೆ ಬಂದು ಕಟಕಟ ಎಂದು ನಿಂತಿತು. ಸೋಪಿನ ನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಿಂದ ಒಳಗಿನಿಂದ ಅಂಚಿನ ಕಡೆಗೆ ಒರೆಸಿ ಮತ್ತೆ ಹಾಕಿದೆವು. ಧಾರೆ ಎರೆಯುವ ಜಾಗದಲ್ಲಿ ಒಂದಿಷ್ಟು ಸಿಗಲೇ ಇಲ್ಲ. ಕೈಯೊಡ್ಡಿ ನಿಂತವರು ನೋಡನೋಡುತ್ತಲೇ ಆರತಿಗೆ ಬಂದುಬಿಡುತ್ತೇವೆ. ಹೋದರೆ ಹೋಯಿತು ಎಂದುಕೊಂಡೆ. ನಾನು ಪತ್ರಿಕೆ ತಿದ್ದಬೇಕಿದ್ದ ಆ ವಾರದ ಬಿಡುವಿನ ಪೀರಿಯಡ್‌ಗಳೆಲ್ಲ ಅದಕ್ಕೇ ಹೋದವು.

ಮುಗಿದ ಮೇಲೆ ಹಾಕಿ ನೋಡಿದೆ. ಚಿತ್ರ ಚಿಕ್ಕದು, ಸ್ವಲ್ಪ ಮಸುಕು, ಆದರೆ ಯಾರೂ ಊದಿಕೊಂಡಿರಲಿಲ್ಲ. ನನ್ನ ಮೊಡವೆಗಳು ವಾಪಸ್ಸು ಬಂದಿದ್ದವು. ಮಾವ ಕ್ಯಾಮೆರಾದ ಹತ್ತಿರ ಬಂದು, "ಊಟ ಆಯ್ತೇನಪ್ಪಾ ನಿಂದು?" ಎಂದು ಕ್ಯಾಮೆರಾದವನನ್ನೇ ಕೇಳುತ್ತಾರೆ. ಕ್ಯಾಮೆರಾದ ಬೆಳಕಿನಲ್ಲಿ ಕೆನ್ನೆಯ ಕುಳಿಗಳು ಕಂಡವು. ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆ. ಬೆಲ್ ಆದದ್ದು ಕೇಳಿಸಲಿಲ್ಲ, ಟೀಚರು ಬಂದು ಎಬ್ಬಿಸಿದರು.

ತಿಥಿಯ ದಿನ ಬಾವ ಆರ್.ಟಿ. ನಗರದ್ದನ್ನೇ ಹಾಕಿದರು. ನೆಂಟರೆಲ್ಲ ಹೊಗಳಿ, ತಮ್ಮ ಫೋನಿಗೂ ಕಳಿಸಲು ಹೇಳಿದರು. ನಾನು ವಾದ ಮಾಡಲಿಲ್ಲ. ಎಡೆ ಇಟ್ಟು, ಬಡಿಸಿ, ಪಾತ್ರೆ ಎತ್ತಿಡುವಷ್ಟರಲ್ಲಿ ಕಾಲು ಬಿದ್ದುಹೋಗಿತ್ತು. ಎಲ್ಲರ ಊಟವಾದ ಮೇಲೆ, ಶಾಲೆಯಲ್ಲಿ ತೆಗೆದ ವಿಡಿಯೋ ಹಾಕಿಟ್ಟಿದ್ದ ನನ್ನ ಟ್ಯಾಬ್ ತೆಗೆದುಕೊಂಡು ಅತ್ತೆಯ ಕೋಣೆಗೆ ಹೋಗಿ, ಅವರ ತೊಡೆಯ ಮೇಲಿಟ್ಟೆ.

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. ಮಾವ ಬಂದಾಗ ಪರದೆಗೆ ಬೆರಳು ಮುಟ್ಟಿಸಿದರು, ವಿಡಿಯೋ ಗಕ್ಕನೆ ನಿಂತಿತು. ಗಾಬರಿಯಿಂದ ಕೈ ಹಿಂದಕ್ಕೆ ಎಳೆದುಕೊಂಡರು.

"ಏನೂ ಆಗಿಲ್ಲ ಅತ್ತೆ," ಎಂದು ಮತ್ತೆ ಓಡಿಸಿದೆ.

"ಊಂ, ಇವ್ರೇ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಅವತ್ತು ಸಾರ್ಗೆ ಉಪ್ಪಿಲ್ಲ ಅಂತ ಎಷ್ಟು ಕೂಗಾಡಿದ್ರು ಗೊತ್ತಾ. ಉಪ್ಪು ಸರ್ಯಾಗೇ ಇತ್ತು," ಎಂದರು. ಅಷ್ಟೇ. ನಾನು ಅವರ ಮಂಚಕ್ಕೆ ಒರಗಿ ಕಣ್ಣು ಮುಚ್ಚಿದೆ.

ಟ್ಯಾಬ್ ಈಗ ಅವರ ಹತ್ತಿರವೇ ಇದೆ. ಬೆರಳು ಎಲ್ಲೋ ತಗುಲಿ ವಿಡಿಯೋ ನಿಂತಾಗಲೆಲ್ಲ ಕೆಳಗಿನಿಂದ ಕೂಗುತ್ತಾರೆ, ನಾನು ಇಳಿದು ಹೋಗಿ ಹಾಕಿ ಬರುತ್ತೇನೆ. ಮೊನ್ನೆ ಹಾಗೆ ಇಳಿದಾಗ ಬಾವ ಅತ್ತೆಯ ಪಕ್ಕ ಕೂತು ನೋಡುತ್ತಿದ್ದರು.

ನನ್ನನ್ನು ಕಂಡು, "ನಮ್ಮ ಮದ್ವೇದು ಕ್ಯಾಸೆಟ್ಟಲ್ಲೈತೆ ಕಣಮ್ಮ," ಎಂದರು. "ಅದನ್ನೂ ಇಂಗೇ, ಏನೂ ಸೇರಿಸ್ದಂಗೆ ತೆಗೆಯಾಕಾಯ್ತದಾ?"

"ವಾರ್ಷಿಕ ಪರೀಕ್ಷೆ ಮುಗೀಲಿ ಬಾವ," ಎಂದು ಹೇಳಿ ಮೆಟ್ಟಿಲು ಹತ್ತಿದೆ.