ಕೆಂಪು ಚೀಟಿ ಕಟ್ಟದ ಪಂಪು

ನೌಕಾಪಡೆಯಲ್ಲಿ ಇಪ್ಪತ್ತು ವರ್ಷ ಇದ್ದೆ. ವಿಮಾನ ಹಾರಿಸಲಿಲ್ಲ, ಗುಂಡೂ ಹೊಡೆಯಲಿಲ್ಲ. ವಿಮಾನ ರಿಪೇರಿ ಮಾಡಿದೆ. ಸಮುದ್ರದ ಮೇಲೆ ತೀರ ತಗ್ಗಿನಲ್ಲಿ ಹಾರುತ್ತ, ಸದ್ದು ಹಿಡಿಯುವ ಯಂತ್ರಗಳನ್ನು ನೀರಿಗೆ ಬಿಟ್ಟು, ಒಳಗೆ ಅಡಗಿದ ಜಲಾಂತರ್ಗಾಮಿಗಳನ್ನು ಹುಡುಕುವ ವಿಮಾನಗಳವು. ಬಿಡಿಭಾಗಗಳು ಹೊರದೇಶದಿಂದ ಬರಬೇಕಿತ್ತು, ತಿಂಗಳುಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಒಂದು ವಿಮಾನವನ್ನು ಹಾರಿಸದೆ ನಿಲ್ಲಿಸಿ, ಅದರ ಭಾಗಗಳನ್ನು ಬಿಚ್ಚಿ ಉಳಿದವಕ್ಕೆ ಹಾಕುತ್ತಿದ್ದೆವು. ಅದಕ್ಕೂ ಒಂದು ಶಿಸ್ತಿತ್ತು. ಮೊದಲು ಅನುಮತಿ. ಆಮೇಲೆ ಬಿಚ್ಚಿದ ಜಾಗದಲ್ಲಿ ಒಂದು ಕೆಂಪು ಚೀಟಿ: ಏನು ತೆಗೆದದ್ದು, ಯಾರು ತೆಗೆದದ್ದು, ಎಲ್ಲಿಗೆ ಹೋಯಿತು.

ಒಮ್ಮೆ ಅಧಿಕಾರಿಯೊಬ್ಬರು ಅವಸರದಲ್ಲಿ, "ಚೀಟಿ ಆಮೇಲೆ ಬರೆದರಾಯಿತು" ಎಂದಾಗ ನಾನು ಸ್ಪ್ಯಾನರ್ ಕೆಳಗಿಟ್ಟು ನಿಂತುಬಿಟ್ಟಿದ್ದೆ. ಕೊನೆಗೆ ಅವರೇ ಬರೆದರು. ಊರಿಗೆ ಬಂದ ಮೇಲೆ ಈ ಕಥೆಯನ್ನು ಚಹಾದಂಗಡಿಯಲ್ಲಿ ಎಷ್ಟು ಸಲ ಹೇಳಿ ಮೀಸೆ ತಿರುವಿದ್ದೇನೋ!

ಈಗ ಮಸ್ಕಿಯಲ್ಲಿ, ಲಿಂಗಸುಗೂರು ರಸ್ತೆಗೆ ನನ್ನದೊಂದು ಶೆಡ್ಡಿದೆ. ಭತ್ತ ಕೊಯ್ಯುವ ಮಿಷನ್ನುಗಳ ರಿಪೇರಿ. ಹೋದ ಸುಗ್ಗಿಯಲ್ಲಿ ಎಲ್ಲರೂ ಚಾಚಾ ಎಂದು ಕರೆಯುವ ಬಳಗಾನೂರಿನ ಹಿರಿಯರೊಬ್ಬರು ತಮ್ಮ ಮಿಷನ್ ತಂದು ನಿಲ್ಲಿಸಿದರು. ಒಂದು ಬೇರಿಂಗ್ ಹೋಗಿತ್ತು, ಅಷ್ಟೇ. ಅವರ ಮನೆ ನಡೆಯುವುದೇ ಆ ಒಂದು ಮಿಷನ್ನಿನಿಂದ. ವಾರದಲ್ಲಿ ಅದು ಬಾಡಿಗೆ ಕೊಯ್ಲಿಗೆ ದಢೇಸುಗೂರಿನ ಹೊಲಗಳಿಗೆ ಹೋಗಬೇಕಿತ್ತು.

ಮರುದಿನವೇ ತುರ್ವಿಹಾಳದ ದೊಡ್ಡ ರೈತರೊಬ್ಬರು ಬಂದರು. ಅವರ ಮಿಷನ್ನಿನ ಹೈಡ್ರಾಲಿಕ್ ಪಂಪ್ ಕೆಟ್ಟು, ಮುಂದಿನ ಕಟರ್ ಮೇಲೇಳುತ್ತಿರಲಿಲ್ಲ. ಜೊತೆಗೆ ನಾಲ್ಕು ಮಂದಿ.

"ಏನಲೇ ಫೌಜಿ, ವಿಮಾನ ಎಬ್ಬಿಸಿದಾಂವ ನೀ. ನಂದೊಂದು ಮಿಷನ್ ಎಬ್ಬಿಸಾಕ ಆಗವಲ್ದೇನು? ಮೋಡ ಆಗ್ಯಾವ ನೋಡು."

ನಾಲ್ಕು ಮಂದಿ ನಕ್ಕರು. ಆ ನಗು ನನಗೆ ಸಹಿಸಲಾಗಲಿಲ್ಲ. ಚಾಚಾನ ಮಿಷನ್ನಿನಿಂದ ಒಳ್ಳೆಯ ಪಂಪ್ ಬಿಚ್ಚಿ ಅವರದಕ್ಕೆ ಹಾಕಿಬಿಟ್ಟೆ. ಸಿಂಧನೂರಿನಿಂದ ಹೊಸದು ಬಂದಾಗ ಕೂಡಿಸಿದರಾಯಿತು, ಚಾಚಾಗೆ ಗೊತ್ತೇ ಆಗುವುದಿಲ್ಲ ಎಂದುಕೊಂಡೆ. ಚೀಟಿಯಿಲ್ಲ, ಒಂದು ಫೋನ್ ಕೂಡ ಇಲ್ಲ.

ಮೋಡ ನೋಡಿ ಚಾಚಾ ಎರಡು ದಿನ ಮೊದಲೇ ಬಂದರು. ಬೇರಿಂಗ್ ಹಾಕಿಯಾಗಿತ್ತು; ಪಂಪಿನ ಜಾಗ ಖಾಲಿಯಿತ್ತು. ಅವರು ಅದನ್ನು ನೋಡುತ್ತಿದ್ದಂತೆ ನನ್ನ ಬಾಯಿಂದ ಸುಳ್ಳು ತಾನಾಗಿ ಬಂತು: "ಪಂಪೂ ಕೆಟ್ಟಿತ್ತು ಚಾಚಾ. ಹೊಸದು ತರಸಾಕ ಹೇಳೀನಿ."

ಅದು ಬರಲು ನಾಲ್ಕು ದಿನವಾಯಿತು. ಅಷ್ಟರಲ್ಲಿ ದಢೇಸುಗೂರಿನ ಹೊಲಗಳು ಬೇರೆಯವರ ಪಾಲಾದವು. ಸುಗ್ಗಿ ಮುಗಿದ ಮೇಲೆ ಚಾಚಾ ಬೈಕಿನ ಮೇಲೆ ಹೊಸ ಅಕ್ಕಿಯ ಚೀಲ ಹೇರಿಕೊಂಡು ಬಂದು ಶೆಡ್ಡಿನಲ್ಲಿ ಇಳಿಸಿದರು.

"ಪಂಪು ಹೊಲದಾಗ ಕೈಕೊಟ್ಟಿದ್ರ ನನ್ನ ಮರ್ಯಾದಿ ಹೋಗ್ತಿತ್ತಪಾ. ವಿಮಾನ ನೋಡಿದ ಕಣ್ಣು ನಿಂದು, ಮೊದಲಾ ಹಿಡದಿ. ಮನ್ಯಾಗ ಉಣ್ರಿ."

ಆ ಚೀಲ ಮುಟ್ಟಲು ಆಗಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ: ಪಂಪ್ ಚೆನ್ನಾಗಿಯೇ ಇತ್ತು, ನಾನೇ ಬಿಚ್ಚಿದೆ, ತುರ್ವಿಹಾಳದವರಿಗೆ ಹಾಕಿದೆ, ನಿಮಗೆ ಸುಳ್ಳು ಹೇಳಿದೆ.

ಚಾಚಾ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. "ಕೇಳಿದ್ರ ನಾನಾ ಬಿಚ್ಚಿ ಕೊಡ್ತಿದ್ನಲ್ಲೋ" ಎಂದರು. ಬೈಕ್ ಹತ್ತಿ ಹೋದರು. ಅಕ್ಕಿಯನ್ನು ವಾಪಸು ಒಯ್ಯಲಿಲ್ಲ.

ಈ ಸುಗ್ಗಿಗೂ ಅವರ ಮಿಷನ್ ನನ್ನ ಶೆಡ್ಡಿನ ಮುಂದೆಯೇ ಹಾದುಹೋಗುತ್ತದೆ. ಮೇಲೆ ಕುಳಿತ ಚಾಚಾ ಕೈಯೆತ್ತಿ ಸಲಾಂ ಮಾಡುವುದನ್ನು ತಪ್ಪಿಸಿಲ್ಲ. ನಾನೂ ಕೈಯೆತ್ತುತ್ತೇನೆ. ಮಿಷನ್ ಮಾತ್ರ ನಿಲ್ಲುವುದಿಲ್ಲ; ರಿಪೇರಿಗೆ ಲಿಂಗಸುಗೂರಿಗೆ ಹೋಗುತ್ತದೆ.