ಬೊಳ್ಳಪ್ಪ ಮಾವನ ಹನ್ನೊಂದು ಜೇನು ಪೆಟ್ಟಿಗೆ

ಕೊಡಗಿನ ಚೇರಂಬಾಣೆ ದಾಟಿ ಬಸ್ಸಿಳಿದು ಅರ್ಧ ಗಂಟೆ ನಡೆದರೆ ನಮ್ಮ ಊರು. ಅಲ್ಲಿ ಜೇನಿನ ವಿಷಯ ಏನೇ ಇದ್ದರೂ ಬೊಳ್ಳಪ್ಪ ಮಾವನನ್ನು ಕೇಳಬೇಕು. ಅವರು ನನ್ನ ಅಪ್ಪನ ಜೊತೆಗಾರರು. ರಕ್ತಸಂಬಂಧ ಇಲ್ಲದಿದ್ದರೂ ಚಿಕ್ಕಂದಿನಿಂದ ಮಾವ ಎಂದೇ ಕರೆದಿದ್ದೇನೆ. ಈಗ ಅವರಿಗೆ ಅರವತ್ತಾರು ವರ್ಷ.

ತೊಂಬತ್ತರ ದಶಕದಲ್ಲಿ ಜೇನಿಗೆ ರೋಗ ಬಂದಾಗ ಮಾವನ ನಲವತ್ತು ಪೆಟ್ಟಿಗೆಗಳಲ್ಲಿ ಮೂವತ್ತೊಂಬತ್ತು ಖಾಲಿಯಾದವು. ಉಳಿದದ್ದು ಒಂದೇ ಕುಟುಂಬ. ಅದನ್ನೇ ಪಾಲು ಮಾಡುತ್ತ, ಇರುವೆಯಿಂದ ಕಾಯುತ್ತ, ಕೆಲವನ್ನು ಕಳೆದುಕೊಳ್ಳುತ್ತ ಮೂವತ್ತು ವರ್ಷಗಳಲ್ಲಿ ಹನ್ನೊಂದು ಮಾಡಿಕೊಂಡಿದ್ದರು. ಹೊರಗಿನ ಜೇನನ್ನು ಅವರು ಒಂದು ಸಲವೂ ತರಲಿಲ್ಲ. ಆ ರೋಗವನ್ನು ತಡೆದುಕೊಂಡ ವಂಶ ತಮ್ಮಲ್ಲಿ ಮಾತ್ರ ಇದೆ ಎಂದು ಅವರ ನಂಬಿಕೆ. ಹತ್ತು ಹನ್ನೆರಡು ದಿನಕ್ಕೊಮ್ಮೆ ಮಾತ್ರ ಪೆಟ್ಟಿಗೆ ತೆರೆಯುತ್ತಿದ್ದರು. ಮಳೆಗಾಲದಲ್ಲಿ ಅದೂ ಇಲ್ಲ. ಬಿಸಿಲು ಬಿದ್ದ ದಿನ ಮುಚ್ಚಳ ಸ್ವಲ್ಪ ಸರಿಸಿ ಸಕ್ಕರೆ ಪಾಕ ಇಟ್ಟು ಬಂದುಬಿಡುತ್ತಿದ್ದರು. ಪೆಟ್ಟಿಗೆಯಲ್ಲಿ ಸಾಕುವ ನಮ್ಮ ತುಡುವೆ ಜೇನು ಬಲು ಸೂಕ್ಷ್ಮ. ಮನಸ್ಸಿಗೆ ಬಾರದಿದ್ದರೆ ಮರಿಗಳನ್ನೂ ಬಿಟ್ಟು ಗೂಡು ತೊರೆದು ಹೋಗುತ್ತದೆ.

ನಾನು ಬಿ.ಕಾಂ. ಮುಗಿಸಿ ಮಡಿಕೇರಿಯ ಒಂದು ಹೋಂಸ್ಟೇಯಲ್ಲಿ ಅವರ ಇನ್‌ಸ್ಟಾಗ್ರಾಮ್ ಪೇಜ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ನಮ್ಮ ಮನೆಯಲ್ಲಿ ಡಿಗ್ರಿ ಓದಿದವಳು ನಾನೇ ಮೊದಲು. ಆ ವರ್ಷ ಮಾವನ ತುಪ್ಪ, ಅಂದರೆ ಜೇನುತುಪ್ಪ, ಬಾಟಲಿಗಳಲ್ಲಿ ಹಾಗೇ ಉಳಿದಿತ್ತು. ರಸ್ತೆಬದಿಯಲ್ಲಿ ಬೆಲ್ಲದ ಪಾಕವೂ ಕೊಡಗಿನ ಜೇನೆಂದು ಮಾರಾಟವಾಗುತ್ತಿದ್ದಾಗ ಇವರ ಗೇಟಿನವರೆಗೆ ಬರುವವರು ಯಾರು? ಮಾವನ ಹೆಂಡತಿ ಪ್ರೇಮಾವತಿ ಅತ್ತೆ, ಕಲಿತವಳು ನೀನು, ಏನಾದರೂ ಮಾಡು ಎಂದರು. ನಾನು ‘ಬೊಳ್ಳಪ್ಪನ ಜೇನು’ ಎಂದು ಇನ್‌ಸ್ಟಾಗ್ರಾಮಿನಲ್ಲಿ ಪೇಜ್ ತೆರೆದೆ.

ಕಾಫಿ ಹೂ ಬಿಟ್ಟಿದ್ದ ಸಮಯ. ಮಾವ ಜೇನು ಮುತ್ತಿದ ಎರಿಯನ್ನು ಬರಿಗೈಯಲ್ಲಿ ಎತ್ತಿ ಕ್ಯಾಮೆರಾಕ್ಕೆ ತೋರಿಸುತ್ತ, ಇದು ನಮ್ಮ ಸಂಸಾರ, ಹೆದರಬೇಡಿ ಎಂದರು. ಒಂದೂ ಅವರನ್ನು ಕುಟುಕಲಿಲ್ಲ. ಆ ಒಂದು ರೀಲ್ ಎಲ್ಲೆಲ್ಲಿಗೋ ಹೋಯಿತು. ಮೂರು ವಾರದಲ್ಲಿ ಹಳೆಯ ತುಪ್ಪ, ಹೊಸ ತುಪ್ಪ ಎರಡೂ ಮುಗಿದವು.

ಭಾನುವಾರ ಊರಿಗೆ ಹೋದಾಗ ಮಾವ ಕಾಮೆಂಟುಗಳನ್ನು ಓದಿಸುತ್ತಿದ್ದರು. ಪ್ರತಿಯೊಬ್ಬರ ಊರು ಯಾವುದು, ಯಾವ ಮನೆಯವರು ಎಂದು ಕೇಳುತ್ತಿದ್ದರು. ನನಗೆ ಗೊತ್ತಿರುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಇವರೆಲ್ಲ ಜಗುಲಿಗೆ ಬಂದ ನೆಂಟರು. ಬಂದು ಯೋಗಕ್ಷೇಮ ಕೇಳಿದವರಿಗೆ ಮಾತಾಡದೆ ಕಳಿಸುವುದು ನಮ್ಮಲ್ಲಿ ದೊಡ್ಡ ತಪ್ಪು. ಈ ಸ್ವಭಾವ ಪೇಜಿಗೆ ಒಳ್ಳೆಯದಾಯಿತು ಎಂದು ನಾನು ಖುಷಿಪಟ್ಟೆ.

ಜೂನಿನಲ್ಲಿ ಮಾರಲು ತುಪ್ಪವಿರಲಿಲ್ಲ, ನೋಡುವವರೂ ಕಡಿಮೆಯಾದರು. ದಿನಕ್ಕೊಂದು ವಿಡಿಯೋ ಹಾಕದಿದ್ದರೆ ಮುಂದಿನ ವರ್ಷ ಮೊದಲಿನಿಂದ ಶುರುಮಾಡಬೇಕಾಗುತ್ತದೆ ಎಂದು ಹೇಳಿದೆ.

“ಮಳೆಗಾಲಲಿ ಅವ್ಕೆ ತೊಂದ್ರೆ ಕೊಟ್ಟರೆ ಆಗ, ಕೂಸೇ,” ಎಂದು ಮಾವ ತಡೆದರು.

“ಒಂದೇ ನಿಮಿಷ ಮಾವ. ಮುಚ್ಚಳ ತೆಗ್ದ್ ಹಾಕುದಷ್ಟೆ.”

ಅವರು ಒಪ್ಪಲಿಲ್ಲ. ನಾನು ಕಾಮೆಂಟ್ ಓದಿದೆ. ಮೈಸೂರಿನ ಒಬ್ಬರು ತಮ್ಮ ಮಗಳಿಗೆ ರಾಣಿ ಜೇನನ್ನು ತೋರಿಸಿ ಎಂದು ಬರೆದಿದ್ದರು. ಹಾಸನದಿಂದಲೂ ಯಾರೋ ಅದನ್ನೇ ಕೇಳಿದ್ದರು. ಮಾವ ಟವೆಲನ್ನು ತಲೆಗೆ ಸುತ್ತಿಕೊಂಡರು. ನಾವು ಮೊದಲನೇ ಪೆಟ್ಟಿಗೆಯ ಹತ್ತಿರ ಹೋದೆವು.

ಆಮೇಲೆ ನಾನಿಲ್ಲದ ದಿನ ಅತ್ತೆ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನ್ ಹಿಡಿಯುತ್ತಿದ್ದರು. “ನಿನ್ನ ಮಾವ ಈಗ ಸಿನೆಮಾದವು. ಮೀಸೆ ಬಾಚದೆ ಪೆಟ್ಟಿಗೆ ಹತ್ರ ಹೋಗುದೇ ಇಲ್ಲೆ,” ಎಂದು ನನಗೆ ಫೋನಿನಲ್ಲಿ ಹೇಳಿ ನಗುತ್ತಿದ್ದರು. ಕೇಳಿದವರಿಗೆ ಇಲ್ಲ ಎನ್ನಲು ಮಾವನಿಗೆ ಬರುತ್ತಿರಲಿಲ್ಲ. ಒಂದು ದಿನ ಒಬ್ಬರಿಗಾಗಿ ಒಂದು ಪೆಟ್ಟಿಗೆ, ಮರುದಿನ ಇನ್ನೊಬ್ಬರಿಗಾಗಿ ಇನ್ನೊಂದು ತೆರೆದರು. ಹೀಗೆ ನಲವತ್ತು ದಿನ ನಡೆಯಿತು. ಫಾಲೋವರ್ಸ್ ಒಂಬತ್ತು ಸಾವಿರ ದಾಟಿದರು.

ಜುಲೈ ಕೊನೆಗೆ ಮಾವ ಫೋನ್ ಮಾಡಿದರು. ಒಂದನೇ ಪೆಟ್ಟಿಗೆಯ ರಾಣಿ ಮೊಟ್ಟೆ ಇಡುವುದನ್ನು ನಿಲ್ಲಿಸಿದ್ದಾಳೆ, ಹೊರಡುವ ಲಕ್ಷಣ ಕಾಣುತ್ತಿದೆ ಎಂದರು. ನಿಲ್ಲಿಸೋಣ ಎಂದು ನಾನು ಆಗಲೇ ಹೇಳಬೇಕಿತ್ತು. ಆ ಪೆಟ್ಟಿಗೆ ಬಿಟ್ಟು ಬೇರೆಯದನ್ನು ತೆರೆಯಿರಿ ಎಂದೆ.

ಮೂರನೇ ದಿನ ಮಧ್ಯಾಹ್ನ ಮಳೆ ಬಿಟ್ಟ ಹೊತ್ತಿಗೆ ಒಂದನೇ ಪೆಟ್ಟಿಗೆಯ ಜೇನೆಲ್ಲ ಹೊರಗೆ ಬಂದು ಹಾರಿಹೋಯಿತು. ಕೈಯಲ್ಲಿ ಫೋನಿದ್ದ ಅತ್ತೆ ಏನು ಮಾಡಬೇಕೆಂದು ತಿಳಿಯದೆ ಹಾಗೇ ತೆಗೆದು ನನಗೆ ಕಳಿಸಿದರು. ನಾನು ಅದನ್ನೂ ಪೇಜಿಗೆ ಹಾಕಿದೆ. ಒಂದು ಲಕ್ಷ ಜನ ನೋಡಿದರು. ‘ಸೂಪರ್ ಅಜ್ಜ’ ಎಂದು ಬರೆದರು.

ಮಾವ ಫೋನನ್ನು ಬೀರುವಿನೊಳಗೆ ಇಟ್ಟುಬಿಟ್ಟರು. ಪೆಟ್ಟಿಗೆಗಳಿಗೆ ಗೋಣಿ ಹೊದಿಸಿ, ಪಾಕ ಇಟ್ಟು, ಅಂಗಳದಲ್ಲಿ ಜೋರಾಗಿ ಮಾತಾಡಬೇಡಿ ಎಂದರು. ಆಗಲೇ ತಡವಾಗಿತ್ತು. ತಣ್ಣನೆ ಗಾಳಿ ತಗುಲಿ ಮರಿಗಳು ಸತ್ತಿದ್ದವು. ಆಗಸ್ಟಿನಲ್ಲಿ ಉಳಿದ ಕುಟುಂಬಗಳೂ ಒಂದರ ಹಿಂದೊಂದು ಹೋದವು.

ಕೊನೆಯದು ಹೋದಾಗ ನಾನು ಅಲ್ಲಿದ್ದೆ. ಹಾರುವ ಜೇನಿನ ಮೇಲೆ ಮಣ್ಣು ಎರಚಿದರೆ ಹತ್ತಿರದ ಕೊಂಬೆಯಲ್ಲಿ ಕೂರುತ್ತದೆ ಎನ್ನುತ್ತಾರೆ. ಮಾವ ಹಿಡಿ ಹಿಡಿ ಒದ್ದೆ ಮಣ್ಣು ಬಾಚಿ ಎರಚುತ್ತ ಕಾಫಿ ಗಿಡಗಳ ನಡುವೆ ಓಡಿದರು. ಒಮ್ಮೆ ಬಿದ್ದು ಎದ್ದರು. ತೋಡಿನ ಹತ್ತಿರ ಬರುವಷ್ಟರಲ್ಲಿ ಜೇನು ಆಚೆಯ ಕಾಡಿನ ಮೇಲೆ ಹೋಗಿಯಾಗಿತ್ತು. ತೋಡು ತುಂಬಿ ಹರಿಯುತ್ತಿತ್ತು, ದಾಟುವಂತಿರಲಿಲ್ಲ.

ನನ್ನಿಂದ ಹೀಗಾಯಿತು ಎಂದು ನಾನು ಅತ್ತುಬಿಟ್ಟೆ.

“ನೀ ಪೆಟ್ಟಿಗೆ ಮುಟ್ಟಿದ್ಯಾ?” ಎಂದು ಮಾವ ಕೇಳಿದರು. “ಮುಟ್ಟಿದ್ದ್ ನಾ. ಗೊತ್ತಿದ್ದೂ ಮುಟ್ಟಿದೆ.”

ಮಳೆ ನಿಂತ ಮೇಲೆ ಮಾವ, ಹೋದ ಜೇನು ವಾಸನೆಗೆ ಮರಳಿ ಬರಬಹುದೆಂದು, ಖಾಲಿ ಪೆಟ್ಟಿಗೆಗಳಿಗೆ ಮೇಣ ಸವರಿ, ತೋಡಿನ ಆಚೆಗೆ ಹೊತ್ತು ಮರದ ಬುಡಗಳಲ್ಲಿ ಇಟ್ಟರು. ದಿನಾ ಬೆಳಿಗ್ಗೆ ಹನ್ನೊಂದನ್ನೂ ನೋಡಿ ಬರುತ್ತಿದ್ದರು. ನವೆಂಬರಿನಲ್ಲಿ ಒಂದರಲ್ಲಿ ಜೇನು ಕೂತಿತು. ನಮ್ಮ ಜೇನು ಮರಳಿತು ಎಂದು ಅತ್ತೆ ಅಳುತ್ತ ಫೋನ್ ಮಾಡಿದರು. ನಾನು ರಜೆ ಹಾಕಿ ಓಡಿದೆ.

ಮಾವ ನನ್ನನ್ನು ಕರೆದುಕೊಂಡು ಹೋದರು. ಪೆಟ್ಟಿಗೆಯ ಬಾಗಿಲ ಎದುರು ಕೂತು ಅಂಗೈ ಚಾಚಿದರು. ನಾಲ್ಕೈದು ಜೇನು ಒಮ್ಮೆಲೇ ಬಂದು ಕುಟುಕಿದವು. ಅವರು ಕೈ ಹಿಂದೆಗೆಯದೆ ಇನ್ನೂ ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿದ್ದರು.

“ಇವು ನಮ್ಮವು ಅಲ್ಲ,” ಎಂದರು. “ಕಾಡಿನವು. ಪಾಪ, ಇರಲಿ.”

ಮುಳ್ಳುಗಳನ್ನು ಒಂದೊಂದಾಗಿ ಉಗುರಿನಿಂದ ಕೆರೆದು ತೆಗೆದರು. ಉಳಿದ ಹತ್ತು ಪೆಟ್ಟಿಗೆಗಳನ್ನು ಅಂದೇ ಮನೆಗೆ ಹೊತ್ತು ತಂದೆವು.